ಮೊದಲು ಕ್ಲಾಸಿಗೆ, ಆಮೇಲೆ ಪರದೇಶಕ್ಕೆ: ಮಾಡಬೇಕಾದ್ದು, ಮಾಡಬಾರದ್ದು

ಈ ಸೂಚನೆ ರಜೆ ಮುಗಿಸಿ ಗೊಟಗೋಡಿಯ ಜಾನಪದ ವಿಶ್ವವಿದ್ಯಾಲಯಕ್ಕೆ ಮರಳುತ್ತಿರುವ ಹುಡುಗ ಹುಡುಗಿಯರಿಗೆ. ಹೊಲಮನೆಯ ಅಡಚಣೆಯಿಂದ ಒಂದೆರಡು ವರ್ಷ ಓದು ಬಿಟ್ಟು ಈಗ ಮತ್ತೆ ಕಾಲೇಜಿಗೆ ಹೆಸರು ಹಚ್ಚಿದವರಿಗೆ. ಶಿಗ್ಗಾಂವಿ, ಸವಣೂರು, ಹಾನಗಲ್ಲ, ಹಿರೇಕೆರೂರು ಕಡೆಯಿಂದ ಬಸ್ಸಿನಲ್ಲಿ ಬರುವಾಗಲೇ ಮೊಬೈಲಿನಲ್ಲಿ ಪರದೇಶದ ಕ್ಯಾಂಪಸ್ಸಿನ ವಿಡಿಯೋ ನೋಡುತ್ತ, "ಮುಂದಿನ ವರ್ಷ ನಾ ಇಲ್ಲಿರಂಗಿಲ್ಲ" ಎಂದು ಗೆಳೆಯರಿಗೆ ಹೇಳಿಬಿಟ್ಟವರಿಗೆ. ಅಪ್ಪ-ಅವ್ವಂದಿರಿಗೂ ಇದರಲ್ಲಿ ಒಂದು ಭಾಗವಿದೆ. ಅದನ್ನು ಮಕ್ಕಳು ಓದಿ ಹೇಳತಕ್ಕದ್ದು, ಮುಚ್ಚಿಡತಕ್ಕದ್ದಲ್ಲ.

ಹುರುಪಿಗೆ ಅಡ್ಡಿಯಿಲ್ಲ. ಈ ಸೀಮೆಯವರಿಗೆ ಪರದೇಶದ ಓದು ಹೊಸತೂ ಅಲ್ಲ. 1909ರಲ್ಲಿ ಸವಣೂರಿನಲ್ಲಿ ಹುಟ್ಟಿದ ವಿ.ಕೃ. ಗೋಕಾಕರು 1930ರ ದಶಕದಲ್ಲೇ ಆಕ್ಸ್‌ಫರ್ಡ್‌ಗೆ ಹೋದವರು. ಆದರೆ ಹೋಗುವಾಗ ಅವರ ಕೈಯಲ್ಲಿ ಧಾರವಾಡದ ಕರ್ನಾಟಕ ಕಾಲೇಜಿನ ಓದಿತ್ತು, ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ಕಲಿಸಿದ ಅನುಭವವಿತ್ತು, ಕಳಿಸಿಕೊಟ್ಟ ಡೆಕ್ಕನ್ ಎಜ್ಯುಕೇಶನ್ ಸೊಸೈಟಿ ಬೆನ್ನಿಗಿತ್ತು. 1938ರಲ್ಲಿ ಮರಳಿ ಬಂದು ಸಾಂಗ್ಲಿಯ ವಿಲಿಂಗ್ಡನ್ ಕಾಲೇಜಿನ ಪ್ರಾಂಶುಪಾಲರಾದರು. ಎ.ಕೆ. ರಾಮಾನುಜನ್ ಬೆಳಗಾವಿಯಲ್ಲಿ ಇಂಗ್ಲಿಷ್ ಕಲಿಸುತ್ತಿದ್ದಾಗಲೇ ಉತ್ತರ ಕರ್ನಾಟಕದ ಮನೆಮನೆಯ ಕಥೆಗಳನ್ನು ಕೂಡಿಸಿಕೊಂಡರು. 1959ರಲ್ಲಿ ಫುಲ್‌ಬ್ರೈಟ್ ನೆರವಿನಿಂದ ಅಮೆರಿಕದ ಇಂಡಿಯಾನಾ ವಿಶ್ವವಿದ್ಯಾಲಯ ಸೇರಿ 1963ರಲ್ಲಿ ಪಿಎಚ್‌.ಡಿ. ಪಡೆದರು. ಇಬ್ಬರಲ್ಲಿ ಯಾರೂ ಇಲ್ಲಿಯ ಕೆಲಸವನ್ನು ಅರ್ಧಕ್ಕೆ ಬಿಟ್ಟು ಓಡಿದವರಲ್ಲ. ಕೆಳಗಿನ ಎಲ್ಲ ಮಾತೂ ಇದೊಂದರ ಮೇಲೆ ನಿಂತಿದೆ.

ಮಾಡಬೇಕಾದ್ದು, ಎಲ್ಲಕ್ಕೂ ಮೊದಲು: ಕ್ಲಾಸಿಗೆ ಹೋಗು.

ಇದು ಉಪದೇಶವಲ್ಲ, ಅರ್ಜಿಯ ಲೆಕ್ಕ. ಪರದೇಶದ ವಿಶ್ವವಿದ್ಯಾಲಯ ನಿನ್ನ ಬಗ್ಗೆ ತಿಳಿಯುವುದು ಎರಡು ದಾರಿಯಿಂದ. ಒಂದು, ಪ್ರತಿ ಸೆಮಿಸ್ಟರಿನ ಅಂಕಗಳನ್ನು ಒಟ್ಟುಗೂಡಿಸಿ ವಿಶ್ವವಿದ್ಯಾಲಯ ಕೊಡುವ ಟ್ರಾನ್ಸ್‌ಕ್ರಿಪ್ಟ್. ಇನ್ನೊಂದು, ನಿನಗೆ ಕಲಿಸಿದ ಇಬ್ಬರು ಮೂವರು ಗುರುಗಳ ಪತ್ರ. ಕ್ಲಾಸಿನಲ್ಲಿ ನಿನ್ನ ಮುಖ ನೋಡದ ಮೇಷ್ಟ್ರು ಏನು ಬರೆದಾರು? "ಈತ ಸದ್ಗುಣಿ, ಶ್ರಮಜೀವಿ" ಎಂಬ ಎರಡು ಸಾಲಿನ ಪತ್ರ ಓದಿದ ಕೂಡಲೇ ಅಲ್ಲಿಯವರು ಬದಿಗಿಡುತ್ತಾರೆ. ನೀನು ಕ್ಷೇತ್ರಕಾರ್ಯಕ್ಕೆ ಯಾವ ಊರಿಗೆ ಹೋದೆ, ಯಾರ ಹಾಡು ದಾಖಲಿಸಿದೆ, ಸೆಮಿನಾರಿನಲ್ಲಿ ಏನು ಕೇಳಿದೆ ಎಂದು ನೆನಪಿಟ್ಟು ಬರೆಯಬಲ್ಲ ಗುರು ಬೇಕು. ಅಂಥ ಗುರುವನ್ನು ಕೊನೆಯ ತಿಂಗಳಲ್ಲಿ ಹುಡುಕಲು ಬರುವುದಿಲ್ಲ. ಪತ್ರ ಬೇಕಾದಾಗ ಒಂದು ತಿಂಗಳು ಮುಂಚೆ ಕೇಳು. ನಿನ್ನ ಅಂಕಪಟ್ಟಿ, ಬರೆದ ಪ್ರಬಂಧ, ಹೋಗಬೇಕೆಂದಿರುವ ಕೋರ್ಸಿನ ವಿವರ, ಕೊನೆಯ ದಿನಾಂಕ, ಇಷ್ಟನ್ನೂ ಒಂದೇ ಹಾಳೆಯಲ್ಲಿ ಬರೆದು ಕೊಡು. ಪತ್ರವನ್ನು ನೀನೇ ಬರೆದು ಸಹಿಗೆ ಒಯ್ಯಬೇಡ. ಏಜೆಂಟ್ ಬರೆದುಕೊಟ್ಟಿದ್ದನ್ನಂತೂ ಮುಟ್ಟಲೇಬೇಡ.

ಓದು ಬಿಟ್ಟು ಮರಳಿ ಬಂದವರಿಗೆ ಪ್ರತ್ಯೇಕವಾಗಿ ಹೇಳುವುದಿದೆ. ಆ ಖಾಲಿ ವರ್ಷಗಳನ್ನು ಬಚ್ಚಿಡಬೇಡ. ಅಪ್ಪನಿಗೆ ಆರಾಮಿರಲಿಲ್ಲ, ಹೊಲ ನೋಡಿಕೊಂಡೆ, ಹುಬ್ಬಳ್ಳಿಯಲ್ಲಿ ಅಂಗಡಿಯಲ್ಲಿ ದುಡಿದೆ, ಇದ್ದದ್ದನ್ನು ಇದ್ದಂತೆ ಬರಿ. ಅರ್ಜಿ ಓದುವವರಿಗೆ ಖಾಲಿ ವರ್ಷದ ಮೇಲೆ ಸಿಟ್ಟಿಲ್ಲ, ಹೊಂದದ ತಾರೀಖಿನ ಮೇಲೆ ಸಂಶಯವಿದೆ. ಖೊಟ್ಟಿ ಅನುಭವ ಪತ್ರ ಲಗತ್ತಿಸಿದವರ ವೀಸಾ ತಿರಸ್ಕಾರವಾದರೆ ಆ ದಾಖಲೆ ಮುಂದಿನ ಅರ್ಜಿಗಳಲ್ಲೂ ಬೆನ್ನು ಹತ್ತುತ್ತದೆ.

ಮಾಡಬೇಕಾದ್ದು: ಹೆಸರು ಸರಿಪಡಿಸು.

ನಮ್ಮ ಕಡೆಯ ಅರ್ಧ ಅರ್ಜಿಗಳು ಎಡವುವುದು ಇಲ್ಲೇ ಎಂದರೆ ನಗಬೇಡ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ನಿನ್ನ ಹೆಸರು, ಅಪ್ಪನ ಹೆಸರಿನ ಒಂದಕ್ಷರ, ಅಡ್ಡಹೆಸರು. ಆಧಾರಿನಲ್ಲಿ ಬರೀ ಹೆಸರು. ಪದವಿ ಪತ್ರದಲ್ಲಿ ಅಡ್ಡಹೆಸರು ಮೊದಲು. ಮೂರರಲ್ಲೂ ಇಂಗ್ಲಿಷ್ ಕಾಗುಣಿತ ಮೂರು ತರಹ. ಪಾಸ್‌ಪೋರ್ಟಿನಲ್ಲಿ ಒಂಟಿ ಅಕ್ಷರ ನಡೆಯುವುದಿಲ್ಲ, ಬಿಡಿಸಿ ಬರೆಯಬೇಕು. ಹಾಗೆ ಬಿಡಿಸಿದ ಕೂಡಲೇ ಅದು ಅಂಕಪಟ್ಟಿಯ ಹೆಸರಿಗಿಂತ ಬೇರೆಯಾಗಿ ಕಾಣುತ್ತದೆ. ಅದಕ್ಕೇ ಮೊದಲು ಅಂಕಪಟ್ಟಿ ನೋಡು, ಅದರಂತೆ ಆಧಾರ್ ತಿದ್ದಿಸು, ಆಮೇಲೆ ಪಾಸ್‌ಪೋರ್ಟಿಗೆ ಅರ್ಜಿ ಹಾಕು. ಈ ಕ್ರಮ ತಪ್ಪಿಸಬೇಡ. ಶಿಗ್ಗಾಂವಿ ಎಂಬ ಊರಿನ ಹೆಸರನ್ನೇ ಇಂಗ್ಲಿಷಿನಲ್ಲಿ ಮೂರು ರೀತಿ ಬರೆಯುವವರು ನಾವು. ಹುಟ್ಟಿದ ಊರಿನ ಕಾಲಮ್ಮಿನಲ್ಲೂ ಒಂದೇ ಕಾಗುಣಿತ ಹಿಡಿ.

ಪಾಸ್‌ಪೋರ್ಟ್ ಸೇವಾ ಕೇಂದ್ರ ಹುಬ್ಬಳ್ಳಿಯಲ್ಲಿದೆ, ಹೆದ್ದಾರಿಯಲ್ಲಿ ನೇರ ಬಸ್ಸು. ತಂಗೀ, ಶಕ್ತಿ ಯೋಜನೆಯಲ್ಲಿ ನಿನಗೆ ಬಸ್ಸಿನ ಖರ್ಚೂ ಇಲ್ಲ. 36 ಪುಟದ ಸಾಮಾನ್ಯ ಪಾಸ್‌ಪೋರ್ಟಿನ ಶುಲ್ಕ 1500 ರೂಪಾಯಿ, ತತ್ಕಾಲದಲ್ಲಿ ಅದರ ಮೇಲೆ 2000. ಮೊದಲ ಸೆಮಿಸ್ಟರಿನಲ್ಲೇ ಮಾಡಿಸಿದರೆ ತತ್ಕಾಲದ 2000 ಉಳಿಯುತ್ತದೆ. ಪೊಲೀಸ್ ಪರಿಶೀಲನೆಗೆ ಯಾವ ವಿಳಾಸ ಕೊಟ್ಟಿದ್ದೀಯೋ ಆ ವಿಳಾಸದಲ್ಲಿ ನೀನು ಸಿಗಬೇಕು. ಹಾಸ್ಟೆಲ್ ವಿಳಾಸ ಕೊಟ್ಟು ಜಾತ್ರೆಗೆಂದು ಊರಿಗೆ ಹೋಗಿ ಕೂಡಬೇಡ.

ಐಇಎಲ್‌ಟಿಎಸ್ ಇಂಗ್ಲಿಷ್ ಪರೀಕ್ಷೆಯ ಅಂಕಕ್ಕೆ ಎರಡೇ ವರ್ಷ ಆಯುಷ್ಯ. ಗೆಳೆಯ ಬರೆದನೆಂದು ಈಗಲೇ ಬರೆಯಬೇಡ.

ಅಪ್ಪ-ಅವ್ವಂದಿರಿಗೆ, ಮಾಡಬಾರದ್ದು: ಹೊಲ ಮಾರಬೇಡಿ.

ಇದನ್ನು ನಿಧಾನವಾಗಿ ಓದಬೇಕು. ಬ್ಯಾಂಕುಗಳು ಶಿಕ್ಷಣ ಸಾಲ ಏಳೂವರೆ ಲಕ್ಷ ದಾಟಿದರೆ ಸಾಮಾನ್ಯವಾಗಿ ಆಸ್ತಿಯ ಒತ್ತೆ ಕೇಳುತ್ತವೆ. ಪರದೇಶದ ಓದು ಅದನ್ನು ಸುಲಭವಾಗಿ ದಾಟುತ್ತದೆ. ನೀವು ಹೊಲದ ಉತಾರ ಹಿಡಿದು ಬ್ಯಾಂಕಿಗೆ ಹೋಗುತ್ತೀರಿ. ಮ್ಯಾನೇಜರ್ ತಲೆ ಅಲ್ಲಾಡಿಸುತ್ತಾರೆ. ಅವರಿಗೆ ನಿಮ್ಮ ಮೇಲೆ ಅನುಮಾನ ಬಂದಿದೆ ಎಂದು ತಿಳಿಯಬೇಡಿ. ಸಾಲ ಮುಳುಗಿದಾಗ ಬ್ಯಾಂಕು ಕೋರ್ಟಿಗೆ ಹೋಗದೆಯೇ ಒತ್ತೆ ಆಸ್ತಿ ವಶಪಡಿಸಿಕೊಳ್ಳಲು ಬಳಸುವ 2002ರ ಸರ್ಫೇಸಿ ಕಾಯ್ದೆಯಿಂದ ಕೃಷಿ ಭೂಮಿಯನ್ನು ಹೊರಗಿಟ್ಟಿದ್ದಾರೆ, 31ನೇ ಕಲಮಿನಲ್ಲಿ. ರೈತನನ್ನು ಕಾಯಲೆಂದು ಮಾಡಿದ ಕಲಮು ಅದು. ಅದರಿಂದಲೇ ಶಿಕ್ಷಣ ಸಾಲಕ್ಕೆ ಹೊಲವನ್ನು ಒತ್ತೆ ಹಿಡಿಯಲು ಬ್ಯಾಂಕು ಹಿಂಜರಿಯುತ್ತದೆ, ಮನೆ, ಎನ್‌.ಎ. ಆದ ಪ್ಲಾಟು, ಠೇವಣಿ ಇದ್ದರೆ ತನ್ನಿ ಎನ್ನುತ್ತದೆ. ಅಲ್ಲಿಂದ ಹೊರಬಿದ್ದ ಮೇಲೆ ಎರಡು ಅಡ್ಡದಾರಿ ಕಾಣುತ್ತವೆ. ಹೊಲವನ್ನೇ ಕೊಟ್ಟುಬಿಡುವುದು, ಇಲ್ಲವೇ ಊರಿನ ಬಡ್ಡಿ ಸಾಲ. ಎರಡೂ ಬೇಡ. ಅಷ್ಟು ದುಬಾರಿ ಕೋರ್ಸನ್ನು ಬಿಟ್ಟು, ಫೀ ಕಡಿಮೆ ಇರುವ ದೇಶ, ವಿದ್ಯಾರ್ಥಿವೇತನ ಇರುವ ಸೀಟು ಹುಡುಕಲು ಮಗನಿಗೋ ಮಗಳಿಗೋ ಇನ್ನೊಂದು ವರ್ಷ ಕೊಡಿ.

ಕಂತನ್ನು ಬೆಳೆಯ ಮೇಲೆ ಲೆಕ್ಕ ಹಾಕಬೇಡಿ. 2024ರ ಮಾರ್ಚಿನಲ್ಲಿ ಬ್ಯಾಡಗಿ ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ದರ ಕುಸಿದಾಗ ಎಪಿಎಂಸಿ ಕಚೇರಿಗೇ ಬೆಂಕಿ ಬಿದ್ದದ್ದು ಇಡೀ ಜಿಲ್ಲೆ ನೋಡಿದೆ. ಬ್ಯಾಂಕಿನ ಕಂತು ದರ ನೋಡಿ ಬರುವುದಿಲ್ಲ. ಕೋರ್ಸ್ ಮುಗಿದು ಒಂದು ವರ್ಷದವರೆಗೆ ಕಂತು ಕಟ್ಟಬೇಕಾಗಿಲ್ಲ ಎನ್ನುತ್ತಾರಲ್ಲ, ಆ ಅವಧಿಯಲ್ಲಿ ಬಡ್ಡಿ ಮಾತ್ರ ಬೆಳೆಯುತ್ತಲೇ ಇರುತ್ತದೆ ಎಂಬುದನ್ನು ಬಾಯಿಬಿಟ್ಟು ಕೇಳಿ, ಬರೆಸಿಕೊಳ್ಳಿ.

ಮಾಡಬಾರದ್ದು: "ಅಲ್ಲಿ ದುಡಿದು ಕಟ್ಟತೇನಿ" ಎಂದು ಮನೆಯಲ್ಲಿ ಮಾತು ಕೊಡಬೇಡ.

ಬ್ರಿಟನ್ನಿನಲ್ಲಿ ಪದವಿ ವಿದ್ಯಾರ್ಥಿಗೆ ಓದಿನ ದಿನಗಳಲ್ಲಿ ವಾರಕ್ಕೆ 20 ತಾಸು ಕೆಲಸ. ಕೆನಡಾದಲ್ಲಿ 24. ಆಸ್ಟ್ರೇಲಿಯಾದಲ್ಲಿ ಎರಡು ವಾರಕ್ಕೆ 48. ಆ ದುಡಿಮೆ ಊಟ, ಬಾಡಿಗೆಗೆ ಆಸರೆಯಾದೀತು, ಫೀ ಹೊರಲಾರದು. ಅಲ್ಲದೆ ವೀಸಾ ಕೊಡುವ ಮೊದಲೇ ಅವರು ರೊಕ್ಕ ತೋರಿಸು ಎನ್ನುತ್ತಾರೆ. ಜರ್ಮನಿಯ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬಹುಪಾಲು ಫೀ ಇಲ್ಲ ಎಂಬ ಮಾತು ನಿಜ (ಬಾಡೆನ್-ವುರ್ಟೆಂಬರ್ಗ್ ರಾಜ್ಯದಲ್ಲಿ ಹೊರಗಿನವರಿಗೆ ಸೆಮಿಸ್ಟರಿಗೆ 1500 ಯೂರೋ ಇದೆ), ಆದರೆ ಫೀ ಇಲ್ಲವೆಂದರೆ ಖರ್ಚಿಲ್ಲ ಎಂದಲ್ಲ. 2024ರ ಸೆಪ್ಟೆಂಬರಿನಿಂದ ಅಲ್ಲಿಗೆ ಹೋಗುವ ವಿದ್ಯಾರ್ಥಿ ಒಂದು ವರ್ಷದ ಜೀವನಕ್ಕೆಂದು 11,904 ಯೂರೋವನ್ನು ಬ್ಲಾಕ್ಡ್ ಅಕೌಂಟಿನಲ್ಲಿ ಮುಂಚೆಯೇ ಇಡಬೇಕು. ರೂಪಾಯಿಯಲ್ಲಿ ಹತ್ತು ಲಕ್ಷ ಮೀರುವ ಮೊತ್ತ. ಆಮೇಲೆ ತಿಂಗಳಿಗೆ 992 ಯೂರೋದಂತೆ ನಿನ್ನ ರೊಕ್ಕ ನಿನಗೇ ವಾಪಸ್. 2022ರ ನವೆಂಬರಿನಿಂದ ಭಾರತದ ವಿದ್ಯಾರ್ಥಿಗಳಿಗೆ ಎಪಿಎಸ್ ಪ್ರಮಾಣಪತ್ರವೂ ಕಡ್ಡಾಯ. ಅಂಕಪಟ್ಟಿಗಳು ಅಸಲಿಯೇ ಎಂದು ಪರೀಕ್ಷಿಸಿ ಕೊಡುವ ಪತ್ರ ಅದು, ಅದಕ್ಕೂ ಕಾಯಬೇಕು.

ಏಜೆಂಟರ ವಿಚಾರ. "ಫ್ರೀ ಕೌನ್ಸೆಲಿಂಗ್" ಎಂದು ಬೋರ್ಡ್ ಹಾಕಿದವನಿಗೆ ಬಾಡಿಗೆ ಎಲ್ಲಿಂದ ಬರುತ್ತದೆ ಎಂದು ಒಮ್ಮೆ ಯೋಚಿಸು. ನಿನ್ನನ್ನು ಸೇರಿಸಿದ್ದಕ್ಕೆ ಕಾಲೇಜು ಅವನಿಗೆ ಕಮಿಷನ್ ಕೊಡುತ್ತದೆ. ಅದು ಅಪರಾಧವಲ್ಲ, ಆದರೆ ಅವನು ತೋರಿಸುವ ಪಟ್ಟಿ ಕಮಿಷನ್ ಕೊಡುವವರ ಪಟ್ಟಿ, ಒಳ್ಳೆಯವರ ಪಟ್ಟಿ ಅಲ್ಲ. ಮೂಲ ಅಂಕಪಟ್ಟಿ, ಪಾಸ್‌ಪೋರ್ಟ್ ಅವನ ಕಪಾಟಿನಲ್ಲಿ ಬಿಡಬೇಡ. ಅರ್ಜಿಯ ಇ-ಮೇಲ್ ಐಡಿ, ಪಾಸ್‌ವರ್ಡ್ ನಿನ್ನವೇ ಇರಲಿ. ಫೀ ಅವನ ಖಾತೆಗೆ ಹಾಕಬೇಡ, ವಿಶ್ವವಿದ್ಯಾಲಯದ ಖಾತೆಗೆ ನೇರ ಕಟ್ಟು. ಖೊಟ್ಟಿ ಪ್ರವೇಶ ಪತ್ರ ಹಿಡಿದು ಕೆನಡಾಕ್ಕೆ ಹೋಗಿದ್ದ ನೂರಾರು ಪಂಜಾಬಿ ಹುಡುಗರು, ವರ್ಷಗಳ ಮೇಲೆ ಗಡಿಪಾರಿನ ನೋಟಿಸು ಬಂದಾಗಲೇ ಆ ಪತ್ರ ಖೊಟ್ಟಿ ಎಂದು ತಿಳಿದು 2023ರಲ್ಲಿ ಬೀದಿಗಿಳಿದರು. ಆ ವರ್ಷದ ಡಿಸೆಂಬರಿನಿಂದ ಕೆನಡಾ ಪ್ರತಿ ಪ್ರವೇಶ ಪತ್ರವನ್ನೂ ಕಾಲೇಜಿಗೇ ಕೇಳಿ ಖಾತ್ರಿ ಮಾಡಿಕೊಳ್ಳುತ್ತಿದೆ. ನೀನು ಅದಕ್ಕೂ ಮುಂಚೆ ಕಾಲೇಜಿಗೆ ಒಂದು ಇ-ಮೇಲ್ ಬರೆದು ಕೇಳು.

ಈಗ ಜಾನಪದ ಓದುವವರಿಗೆ. ಇದು ಗೊಟಗೋಡಿಯ ಸೂಚನೆಯಾದ್ದರಿಂದ ಈ ಭಾಗ ಉದ್ದವಾದರೂ ಸಹಿಸಿಕೊ.

2011ರಲ್ಲಿ ಹುಟ್ಟಿದ ವಿಶ್ವವಿದ್ಯಾಲಯದಲ್ಲಿ ಜಾನಪದ ಓದಿ ಪರದೇಶಕ್ಕೆ ಏನು ಮಾಡಲು ಹೋಗುತ್ತೀ ಎಂದು ಸೋದರಮಾವ ನಗುತ್ತಾನೆ. ನಗಲಿ. ನಮ್ಮ ವಿಷಯಕ್ಕೆಂದೇ ವಿಭಾಗ ಇರುವ ವಿಶ್ವವಿದ್ಯಾಲಯಗಳಿವೆ: ರಾಮಾನುಜನ್ ಓದಿದ ಇಂಡಿಯಾನಾ, ಕೆನಡಾದ ನ್ಯೂಫೌಂಡ್‌ಲ್ಯಾಂಡಿನ ಮೆಮೋರಿಯಲ್, ಎಸ್ತೋನಿಯಾದ ತಾರ್ತು. ಎಸ್ತೋನಿಯಾ ನಮ್ಮ ರಾಜ್ಯಕ್ಕಿಂತ ಎಷ್ಟೋ ಸಣ್ಣ ದೇಶ. ತಾರ್ತುವಿನಲ್ಲಿ 1919ರಿಂದಲೇ ಜಾನಪದದ ಪೀಠವಿದೆ, ಇಂಗ್ಲಿಷಿನಲ್ಲಿ ಸ್ನಾತಕೋತ್ತರ ಕೋರ್ಸ್ ಇದೆ. ಏಜೆಂಟನ ಪಟ್ಟಿಯಲ್ಲಿ ಇವು ಸಿಗಲಿಕ್ಕಿಲ್ಲ. ನೀನೇ ಹುಡುಕು, ಅಲ್ಲಿಯ ಪ್ರಾಧ್ಯಾಪಕರಿಗೆ ನೀನೇ ಬರಿ.

ಇಲ್ಲೇ ಪಿಎಚ್‌.ಡಿ.ಗೆ ನೋಂದಾಯಿಸಿದವರು ಅದನ್ನು ಬಿಟ್ಟು ಅಲ್ಲಿ ಹೊಸದಾಗಿ ಶುರುಮಾಡಲು ಅವಸರಪಡಬೇಡಿ. ಫುಲ್‌ಬ್ರೈಟ್-ನೆಹರೂ ಡಾಕ್ಟರಲ್ ಫೆಲೋಶಿಪ್ ಭಾರತದಲ್ಲಿ ಪಿಎಚ್‌.ಡಿ. ಮಾಡುತ್ತಿರುವವರನ್ನೇ ಆರರಿಂದ ಒಂಬತ್ತು ತಿಂಗಳು ಅಮೆರಿಕಕ್ಕೆ ಕರೆದೊಯ್ಯುವಂಥದ್ದು. ಇಲ್ಲಿಯ ನೋಂದಣಿ ಕೈಬಿಟ್ಟರೆ ಆ ಬಾಗಿಲೂ ಹೋಯಿತು.

ಪರಿಶಿಷ್ಟ ಜಾತಿ, ಅಲೆಮಾರಿ ಸಮುದಾಯ, ಭೂಹೀನ ಕೂಲಿಕಾರರು, ಪಾರಂಪರಿಕ ಕುಶಲಕರ್ಮಿಗಳ ಮಕ್ಕಳಿಗೆ ಕೇಂದ್ರದ ನ್ಯಾಷನಲ್ ಓವರ್‌ಸೀಸ್ ಸ್ಕಾಲರ್‌ಶಿಪ್ ಇದೆ. ಸೀಟು 125, ಮನೆಯ ಆದಾಯ 8 ಲಕ್ಷದೊಳಗಿರಬೇಕು, ವಯಸ್ಸು 35ರ ಒಳಗೆ, ಸೇರುವ ವಿಶ್ವವಿದ್ಯಾಲಯ ಕ್ಯೂಎಸ್ ಪಟ್ಟಿಯ ಮೊದಲ 500ರಲ್ಲಿರಬೇಕು. ಪರಿಶಿಷ್ಟ ಪಂಗಡಕ್ಕೆ ಬೇರೆ ಇಲಾಖೆಯಿಂದ 20 ಸೀಟು. ರಾಜ್ಯದ ಸಮಾಜ ಕಲ್ಯಾಣ ಇಲಾಖೆಯ ಪ್ರಬುದ್ಧ ಯೋಜನೆಯನ್ನೂ ಕೇಳು. ಆದರೆ ಕೇಂದ್ರದ ಯೋಜನೆಯಲ್ಲಿ ಒಂದು ಕೊಕ್ಕೆ ಇದೆ. 2022ರ ಮಾರ್ಗಸೂಚಿಯಲ್ಲಿ ಭಾರತದ ಸಂಸ್ಕೃತಿ, ಪರಂಪರೆ, ಇತಿಹಾಸ, ಭಾರತದ ಸಮಾಜದ ಮೇಲಿನ ಸಂಶೋಧನೆಗಳನ್ನು ಹೊರಗಿಟ್ಟರು. ಇಲ್ಲಿಯದನ್ನು ಇಲ್ಲೇ ಓದಬಹುದಲ್ಲ ಎಂಬುದು ಅವರ ವಾದ. ಡೊಳ್ಳಿನ ಪದವೋ ಪುರವಂತಿಕೆಯೋ ತನ್ನ ಮನೆಯಲ್ಲೇ ಇರುವ ಹುಡುಗನಿಗೆ, ಅದನ್ನು ಲೋಕದ ಮುಂದೆ ಇಟ್ಟು ನೋಡುವ ಅವಕಾಶ ಬೇಡ ಎಂದಂತಾಯಿತು. ನನಗೆ ಇದು ಒಪ್ಪಿಗೆಯಿಲ್ಲ. ಆದರೂ ನಿಯಮ ನಿಯಮ. ಡೊಳ್ಳಿನ ವಿಷಯವನ್ನು ಬೇರೆ ಹೆಸರಿನಲ್ಲಿ ಮರೆಮಾಚಿ ಅರ್ಜಿ ಹಾಕಬೇಡ, ಸಿಕ್ಕಿಬೀಳುತ್ತೀ. ಧ್ವನಿ ದಾಖಲೆಗಳನ್ನು ಕಾಪಿಡುವ ವಿದ್ಯೆ, ಸಂಗ್ರಹಾಲಯ ವಿಜ್ಞಾನ, ಇಂಥದ್ದರಲ್ಲಿ ನಿಜವಾಗಿ ಆಸಕ್ತಿ ಇದ್ದರೆ ಆ ದಾರಿ ನೋಡು. ಇಲ್ಲವಾದರೆ ವಿಶ್ವವಿದ್ಯಾಲಯಗಳೇ ಕೊಡುವ ನೆರವಿಗೆ ಅರ್ಜಿ ಹಾಕು. ನೀನು ಅರ್ಜಿ ಹಾಕುವ ವರ್ಷದ ಮಾರ್ಗಸೂಚಿಯನ್ನು ನೀನೇ ಓದಬೇಕು, ಹೋದ ವರ್ಷದ್ದನ್ನು ಯಾರೋ ವಾಟ್ಸಾಪಿನಲ್ಲಿ ಕಳಿಸಿದ್ದನ್ನಲ್ಲ.

ಮತ್ತೆ, ದಾಖಲಿಸಿಕೊಂಡ ಹಾಡುಗಳು. ಬೀಸುವ ಪದ, ಸೋಬಾನೆ, ಲಾವಣಿ ಏನೇ ಇರಲಿ, ಹಾಡಿದ ಅಜ್ಜಿಗೆ ಕೇಳದೆ ಪರದೇಶಕ್ಕೆ ಒಯ್ಯಬೇಡ. ಎಲ್ಲಿಗೆ ಒಯ್ಯುತ್ತೀ, ಯಾರು ಕೇಳುತ್ತಾರೆ ಎಂದು ತಿಳಿಯುವ ಹಾಗೆ ಹೇಳಿ ಒಪ್ಪಿಗೆ ಪಡೆ, ಒಂದು ಪ್ರತಿ ಅವರ ಮನೆಯವರ ಮೊಬೈಲಿಗೂ ಹಾಕಿಕೊಡು. ಫಿನ್ಲೆಂಡಿನ ಲೌರಿ ಹೊಂಕೊ ಅವರು ವಿವೇಕ ರೈ ಮೊದಲಾದವರ ಜೊತೆ ಸೇರಿ 1990ರಲ್ಲಿ ತುಳುನಾಡಿನ ಸಿರಿ ಮಹಾಕಾವ್ಯವನ್ನು ದಾಖಲಿಸಿದರು. 1998ರಲ್ಲಿ ಅದು ಅಚ್ಚಾದಾಗ ಹಾಡಿದ ಗೋಪಾಲ ನಾಯ್ಕರ ಹೆಸರು ಪುಸ್ತಕದ ಶೀರ್ಷಿಕೆಯಲ್ಲೇ ಇತ್ತು. ನಿನ್ನ ಪ್ರಬಂಧದಲ್ಲಿ ಅಜ್ಜಿಯ ಹೆಸರು ಅಡಿಟಿಪ್ಪಣಿಯಲ್ಲೂ ಇಲ್ಲದಿದ್ದರೆ ನೀನು ಇಲ್ಲಿ ಕಲಿತದ್ದೇನು?

ವೈದ್ಯಕೀಯಕ್ಕೆ ಹೊರಟವರಿಗೆ, ಮಾಡಬಾರದ್ದು: ನೀಟ್ ಪಾಸಾಗದೆ ಹೊರಡಬೇಡ.

2018ರಿಂದ ಅದು ಪರದೇಶದಲ್ಲಿ ಎಂಬಿಬಿಎಸ್ ಓದುವವರಿಗೂ ಕಡ್ಡಾಯ. 2021ರ ನಿಯಮದ ಪ್ರಕಾರ ಕೋರ್ಸ್ ಕನಿಷ್ಠ 54 ತಿಂಗಳಿನದಾಗಿರಬೇಕು, ಇಂಗ್ಲಿಷಿನಲ್ಲಿ ಕಲಿಸಬೇಕು, ಅದೇ ಸಂಸ್ಥೆಯಲ್ಲಿ 12 ತಿಂಗಳ ಇಂಟರ್ನ್‌ಶಿಪ್ ಆಗಬೇಕು, ಆ ದೇಶದಲ್ಲೇ ವೈದ್ಯ ವೃತ್ತಿ ಮಾಡುವ ಅರ್ಹತೆ ಸಿಗಬೇಕು. ಒಂದು ತಪ್ಪಿದರೂ ಇಲ್ಲಿ ಬೋರ್ಡ್ ಹಾಕುವಂತಿಲ್ಲ. ಮರಳಿದ ಮೇಲೆ ಎಫ್‌ಎಂಜಿಇ ಪರೀಕ್ಷೆ ಇದೆ. ಸಾಮಾನ್ಯವಾಗಿ ಹತ್ತರಲ್ಲಿ ಏಳೆಂಟು ಜನ ಫೇಲಾಗುವ ಪರೀಕ್ಷೆ. ಇದನ್ನು ಏಜೆಂಟ್ ತಾನಾಗಿ ಹೇಳುವುದಿಲ್ಲ.

ನಮ್ಮ ಜಿಲ್ಲೆಯ ರಾಣೆಬೆನ್ನೂರು ತಾಲ್ಲೂಕಿನ ಚಳಗೇರಿಯ ಹುಡುಗ, ಉಕ್ರೇನಿನ ಖಾರ್ಕಿವ್‌ನ ವೈದ್ಯಕೀಯ ವಿದ್ಯಾರ್ಥಿ, 2022ರ ಮಾರ್ಚ್ 1ರಂದು ಯುದ್ಧದ ಶೆಲ್ ದಾಳಿಗೆ ಸಿಕ್ಕು ತೀರಿಹೋದ. ಊಟದ ಸಾಮಾನು ತರಲು ಹೊರಗೆ ಬಂದಿದ್ದ. ಭಾರತದ ರಾಯಭಾರ ಕಚೇರಿ ಫೆಬ್ರುವರಿ 15ರಂದೇ, ಇರಲೇಬೇಕಾದ ಅಗತ್ಯವಿಲ್ಲದವರು ಸದ್ಯಕ್ಕೆ ಹೊರಡುವುದನ್ನು ಯೋಚಿಸಿ ಎಂದಿತ್ತು. ಕ್ಲಾಸುಗಳು ನಡೆಯುತ್ತಿದ್ದವು, ಟಿಕೆಟ್ ದರ ಏರಿತ್ತು, ಸಾವಿರಾರು ಮಕ್ಕಳು ಅಲ್ಲೇ ಉಳಿದರು. ಹೊರಡಲಾಗದ್ದಕ್ಕೆ ಅವರನ್ನು ದೂರುವುದು ಯಾರಿಗೂ ಸಲ್ಲ. ನಿನಗೆ ಹೇಳುವುದಿಷ್ಟು: ಯಾವ ದೇಶಕ್ಕೇ ಹೋಗು, ಇಳಿದ ವಾರದಲ್ಲೇ ವಿದೇಶಾಂಗ ಸಚಿವಾಲಯದ ಮದದ್ ಪೋರ್ಟಲಿನಲ್ಲಿ ಹೆಸರು, ವಿಳಾಸ, ಮನೆಯವರ ನಂಬರು ದಾಖಲಿಸು. ತಿರುಗಿ ಬರುವ ಟಿಕೆಟ್ಟಿನ ರೊಕ್ಕ ಬೇರೆ ತೆಗೆದಿಡು, ಅದನ್ನು ಮೊಬೈಲಿಗೆ ಖರ್ಚು ಮಾಡಬೇಡ. ರಾಯಭಾರ ಕಚೇರಿ ಹೊರಡು ಎಂದ ದಿನ ಹಾಜರಿಯ ಚಿಂತೆ ಬಿಟ್ಟು ಹೊರಡು. ಮೇಲೆ ಕ್ಲಾಸಿಗೆ ಹೋಗು ಎಂದವರೇ ಇದನ್ನೂ ಹೇಳುತ್ತಿದ್ದೇವೆ.

ಇನ್ನು ಬುತ್ತಿ. ಅವ್ವಂದಿರು ಇದನ್ನು ಕೇಳಲೇಬೇಕು.

ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ ಕಟ್ಟಿ, ಅಡ್ಡಿಯಿಲ್ಲ. ದೊಡ್ಡ ಬ್ಯಾಗಿನಲ್ಲಿ ಇಡಿ, ಖಾರದ ಪುಡಿ ಕೈಚೀಲಕ್ಕೆ ಬೇಡ. ಧಾರವಾಡ ಪೇಢಾ, ತುಪ್ಪ ಯುರೋಪಿಗೆ ಹೋಗುವವರಿಗೆ ಕಟ್ಟಬೇಡಿ. ಐರೋಪ್ಯ ಒಕ್ಕೂಟ ಹೊರಗಿನಿಂದ ಬರುವವರ ಚೀಲದಲ್ಲಿ ಹಾಲಿನ ಪದಾರ್ಥ, ಮಾಂಸ ಬಿಡುವುದಿಲ್ಲ. ಇಡೀ ಒಣಕೊಬ್ಬರಿ ಬಟ್ಟಲು ವಿಮಾನದಲ್ಲಿ ಬೇಡ. ಎಣ್ಣೆ ಅಂಶದಿಂದ ಬೆಂಕಿ ಹಿಡಿಯುವ ವಸ್ತು ಎಂದು ತಡೆಯುತ್ತಾರೆ. ಎಲ್ಲಕ್ಕಿಂತ ಮುಖ್ಯವಾದದ್ದು ಗಸಗಸೆ. ಕರ್ಜಿಕಾಯಿಯ ಹೂರಣಕ್ಕೆ, ಅಂಟಿನ ಉಂಡಿಗೆ ನಾವು ಧಾರಾಳ ಹಾಕುತ್ತೇವೆ. ಅರಬ್ ಸಂಯುಕ್ತ ಸಂಸ್ಥಾನದಲ್ಲಿ, ಸಿಂಗಪುರದಲ್ಲಿ ಅದು ನಿಷಿದ್ಧ, ಮಾದಕ ವಸ್ತುವಿನ ಲೆಕ್ಕ. ಲಂಡನ್ನಿಗೆ ಹೋಗುವವನೂ ದುಬೈನಲ್ಲಿ ವಿಮಾನ ಬದಲಿಸುತ್ತಾನೆ ಎಂಬುದು ನೆನಪಿರಲಿ. ಗಸಗಸೆ ಇಲ್ಲದೆ ಮಾಡಿ, ಅಥವಾ ಹೊರಡುವ ಹಿಂದಿನ ರಾತ್ರಿ ಮನೆಯಲ್ಲೇ ತಿನ್ನಿಸಿ ಮುಗಿಸಿ. ಆಸ್ಟ್ರೇಲಿಯಾಕ್ಕೆ ಹೋಗುವವರು ಚೀಲದಲ್ಲಿರುವ ಪ್ರತಿ ತಿನಿಸನ್ನೂ ಅರ್ಜಿಯಲ್ಲಿ ಬರೆದು ತೋರಿಸತಕ್ಕದ್ದು. ತೋರಿಸಿದರೆ ಹೆಚ್ಚೆಂದರೆ ಎಸೆಯುತ್ತಾರೆ, ಮುಚ್ಚಿಟ್ಟರೆ ದಂಡ.

ಹೊರಡುವ ದಿನ ಪಾಸ್‌ಪೋರ್ಟ್, ವೀಸಾ, ಪ್ರವೇಶ ಪತ್ರ, ಮೂಲ ಅಂಕಪಟ್ಟಿ, ಸಾಲದ ಪತ್ರ ಇವೆಲ್ಲ ಕೈಚೀಲದಲ್ಲಿ, ಅವುಗಳ ನಕಲು ಮನೆಯಲ್ಲಿ ಅಕ್ಕನ ಹತ್ತಿರ. ಬೆಂಗಳೂರಿನ ವಿಮಾನ ನಿಲ್ದಾಣಕ್ಕೆ ಅರ್ಧ ಊರನ್ನು ಕ್ರೂಸರಿನಲ್ಲಿ ತುಂಬಿಕೊಂಡು ಹೋಗಬೇಡ. ಟಿಕೆಟ್ ಇಲ್ಲದವರನ್ನು ಒಳಗೆ ಬಿಡುವುದಿಲ್ಲ, ರಾತ್ರಿಯಿಡೀ ಅವರು ಹೊರಗೆ ನಿಲ್ಲಬೇಕು. ಅಪ್ಪ, ಅವ್ವ, ಡ್ರೈವರ್ ಮತ್ತು ದಾರಿ ಗೊತ್ತಿರುವ ಒಬ್ಬ ಕಾಕಾ ಸಾಕು. ಉಳಿದವರು ಗೊಟಗೋಡಿ ಬಸ್ ಸ್ಟ್ಯಾಂಡಿನಲ್ಲೇ ಹಾರ ಹಾಕಿ ಕಳಿಸತಕ್ಕದ್ದು.